ಡೆಲ್ಬರ್ಟನ ಕತ್ತಲ ಪರೀಕ್ಷೆ

ಹಗಲು ಹೊತ್ತಿನಲ್ಲಿ ಗುರಿಯ ಮಾತು ಬಂದರೆ ಡೆಲ್ಬರ್ಟ್ ಹೌಗೆನ್‌ಗೆ ಸರಿಸಾಟಿ ಆ ಸೀಮೆಯಲ್ಲೇ ಇರಲಿಲ್ಲ. ಊರವರು ಹಾಗೆ ಹೇಳುವುದಕ್ಕೆ ಮುಂಚೆ ಅವನೇ ಹೇಳಿಬಿಡುತ್ತಿದ್ದುದರಿಂದ ಊರವರಿಗೆ ಆ ಕೆಲಸ ತಪ್ಪಿತ್ತು. ಮಾಂಟಾನಾದ ಬಯಲಿನ ನಡುವೆ ಗೋಧಿ ಕಣಜ, ಚರ್ಚು, ಎರಡು ಹೋಟೆಲು, ಒಂದು ಬಂದೂಕು ಕ್ಲಬ್ಬು ಇರುವ ಪುಟ್ಟ ಊರು ಅದು. ಕ್ಲಬ್ಬಿನವರು ಪ್ರತಿ ಬೇಸಿಗೆ ಪಿಸ್ತೂಲಿನ ಪಂದ್ಯ ಇಡುತ್ತಿದ್ದರು, ಡೆಲ್ಬರ್ಟ್ ಪ್ರತಿ ಬೇಸಿಗೆ ಒಂದು ಕಪ್ಪು ಗೆದ್ದು ಮನೆಗೆ ತರುತ್ತಿದ್ದ. ಪಡಸಾಲೆಯ ಕಪಾಟು ತುಂಬಿ ಅವನ ಹೆಂಡತಿ ಆರ್ಡಿಸಳ ಪಿಂಗಾಣಿ ಬಾತುಕೋಳಿಗಳು ಅಡುಗೆಮನೆಯ ಕಿಟಕಿಗೆ ವಲಸೆ ಹೋಗಿದ್ದವು.

ಹೋದ ಕ್ರಿಸ್‌ಮಸ್ಸಿಗೆ ಅವನು ತನಗೆ ತಾನೇ ಒಂದು ಉಡುಗೊರೆ ಕೊಟ್ಟುಕೊಂಡ. ಪಿಸ್ತೂಲಿನ ಮೂತಿಯ ಕೆಳಗೆ ಸಿಕ್ಕಿಸುವ ಪುಟ್ಟ ಟಾರ್ಚು. ಗಾತ್ರ ಬೆಂಕಿಪೊಟ್ಟಣದಷ್ಟು, ಬೆಳಕು ಮಾತ್ರ ರೈಲು ಎಂಜಿನ್ನಿನದು. ಅಂದಿನಿಂದ ಡೆಲ್ಬರ್ಟನಿಗೆ ಕತ್ತಲೆಯ ಹೊತ್ತು ಏನು ನೋಡಬೇಕಾದರೂ ಪಿಸ್ತೂಲೇ ಬೇಕು. ನಾಯಿ ಎಲ್ಲಿ ಹೋಯಿತು ಎಂದು ಪಿಸ್ತೂಲು ಹಿಡಿದು ಹುಡುಕಿದ. ಕಸದ ಡಬ್ಬಿಗೆ ಬಂದ ಪ್ರಾಣಿ ಯಾವುದೆಂದು ಪಿಸ್ತೂಲಿನಿಂದ ನೋಡಿದ. ಒಮ್ಮೆ ಕರೆಂಟು ಹೋದಾಗ ಫ್ಯೂಸ್ ಪೆಟ್ಟಿಗೆಯ ಮುಂದೆಯೂ ಪಿಸ್ತೂಲು ಚಾಚಿ ನಿಂತಿದ್ದನ್ನು ಕಂಡು ಆರ್ಡಿಸ್, "ಕೈ ಮೇಲೆತ್ತು ಅಂತ ಹೇಳು, ಫ್ಯೂಸು ಶರಣಾಗ್ಲಿ" ಎಂದಿದ್ದಳು. ಹೊಸ ಕೊಡಲಿ ಸಿಕ್ಕವನಿಗೆ ಊರೆಲ್ಲ ಸೌದೆಯಾಗಿ ಕಂಡರೆ ಆಶ್ಚರ್ಯವೇನು?

ಎಡವಟ್ಟಾದದ್ದು ಅಕ್ಟೋಬರಿನ ಒಂದು ಬುಧವಾರ, ಬೆಳಗಿನ ಜಾವ. ಅವರ ಸೊಸೆ ಕೊರಿನ್ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ, ಅತ್ತೆಯ ಹುಟ್ಟುಹಬ್ಬವೆಂದು ಸೇಬಿನ ಕೇಕು ಇಟ್ಟುಹೋಗಲು ಬಂದಿದ್ದಳು. ಆ ಊರಿನಲ್ಲಿ ಹಿತ್ತಲ ಬಾಗಿಲಿಗೆ ಯಾರೂ ಬೀಗ ಹಾಕುವುದಿಲ್ಲ, ಬಂದವರು ತಟ್ಟುವುದೂ ಇಲ್ಲ. ಅಡುಗೆಮನೆಯಲ್ಲಿ ಸದ್ದಾಗಿದ್ದೇ ಡೆಲ್ಬರ್ಟ್ ಹಾಸಿಗೆಯ ಪಕ್ಕದ ಪಿಸ್ತೂಲು ತೆಗೆದುಕೊಂಡು ಒಳ ಅಂಗಿಯಲ್ಲೇ ಬಂದ. ಬೆಳಕನ್ನು ಸೀದಾ ಅವಳ ಮುಖಕ್ಕೆ ಬಿಟ್ಟ. ಆಮೇಲೆ ಬಹಳ ಸಂತೋಷದಿಂದ, "ಓ, ನೀನಾ ಕೊರಿನ್! ಕಾಫಿ ಇಡ್ಲಾ?" ಎಂದ.

ಕೊರಿನ್ ಚೀರಲಿಲ್ಲ. ಕೇಕಿನ ಬಟ್ಟಲನ್ನು ಮೇಜಿನ ಮೇಲಿಟ್ಟು ಬಂದ ಬಾಗಿಲಲ್ಲೇ ಹೊರಗೆ ಹೋದಳು. ಮಧ್ಯಾಹ್ನ ಅತ್ತೆಗೆ ಫೋನು ಬಂತು. ಆರ್ಡಿಸ್ ಬಹಳ ಹೊತ್ತು ಕೇಳಿಸಿಕೊಂಡು, "ಸರಿ ಕಣಮ್ಮ, ನೀನ್ ಹೇಳೋದು ಸರಿ" ಎಂದು ಫೋನಿಟ್ಟಳು.

"ಏನಂತೆ?" ಎಂದ ಡೆಲ್ಬರ್ಟ್, ಬಾಯಿತುಂಬ ಕೇಕು.

"ಇನ್ಮೇಲೆ ಶುಕ್ರವಾರ ಟಿಲ್ಲಿ ಇಲ್ಲಿ ಮಲಗೋಕೆ ಬರಲ್ವಂತೆ."

ಟಿಲ್ಲಿ ಅವರ ಮೊಮ್ಮಗಳು, ಒಂದನೇ ಕ್ಲಾಸು. ಮಗ ರೈಲ್ವೆಯವನು, ವಾರಗಟ್ಟಲೆ ಊರಿನಲ್ಲಿರುವುದಿಲ್ಲ. ಕೊರಿನ್‌ಗೆ ಶುಕ್ರವಾರದ ರಾತ್ರಿ ಪಾಳಿ ಖಾಯಂ. ಹಾಗಾಗಿ ಶುಕ್ರವಾರವೆಂದರೆ ಟಿಲ್ಲಿ ದಿಂಬು ಹೊತ್ತುಕೊಂಡು ಅಜ್ಜನ ಮನೆಗೆ ಬರುವ ದಿನ. ಅಜ್ಜ ಮೊಮ್ಮಗಳು ಇಬ್ಬರೂ ಪಡಸಾಲೆಯಲ್ಲಿ ಕಂಬಳಿಯ ಗುಡಾರ ಕಟ್ಟಿ, ಆರ್ಡಿಸ್ ಗದರುವವರೆಗೂ ಜೋಳದ ಅರಳು ತಿನ್ನುತ್ತ, ಒಬ್ಬರಿಗೊಬ್ಬರು ಸುಳ್ಳುಸುಳ್ಳೇ ಕರಡಿಯ ಕಥೆ ಹೇಳುತ್ತಿದ್ದರು. ಡೆಲ್ಬರ್ಟನ ವಾರ ಶುರುವಾಗುತ್ತಿದ್ದದ್ದೇ ಶುಕ್ರವಾರದಿಂದ.

"ಯಾಕೆ? ನಾನೇನ್ ಮಾಡ್ದೆ? ಬರೀ ಟಾರ್ಚ್ ಬಿಟ್ಟೆ!"

"ಅವಳ ಮುಖಕ್ಕೆ ಪಿಸ್ತೂಲ್ ಹಿಡಿದೆ ಕಣೋ ಡೆಲ್."

"ಅದು ಟಾರ್ಚು!"

"ಟಾರ್ಚಿನ ಮೇಲೆ ಏನಿತ್ತು?"

ಉತ್ತರದ ಬದಲು ಡೆಲ್ಬರ್ಟ್ ದನಿ ಏರಿಸಿದ. ಇಡೀ ಕ್ಲಬ್ಬಿನಲ್ಲಿ ತನ್ನಷ್ಟು ಹುಷಾರಿನ ಕೈ ಯಾರದು, ಕೊರಿನ್ ಏನು ಪಟ್ಟಣದ ಹುಡುಗಿಯೇ, ಅವಳ ಮನೆಯಲ್ಲೇ ತೋಳ ಓಡಿಸಲು ಬಂದೂಕಿಲ್ಲವೇ, ಇತ್ಯಾದಿ. ಆರ್ಡಿಸ್ ಎಲ್ಲ ಮುಗಿಯಲಿ ಎಂದು ಕಾದಳು.

"ಬಂದೂಕು ಬೇಡ ಅಂತ ಅವಳು ಹೇಳ್ತಿಲ್ಲ. ವಾಂಡಾ ಹತ್ರ ಕತ್ತಲ ಪಾಠ ಮಾಡ್ಕೊಂಡ್ ಬಾ ಅಂತಿದಾಳೆ. ಆಮೇಲೆ ಟಿಲ್ಲಿನ ಕಳಿಸ್ತಾಳಂತೆ."

ಗಾಯದ ಮೇಲೆ ಬರೆ ಎಂದರೆ ಇದು. ವಾಂಡಾ ಕ್ರೋಲ್ ಷೆರೀಫನ ಕಚೇರಿಯಲ್ಲಿ ರಾತ್ರಿ ಗಸ್ತು ಮಾಡಿ ನಿವೃತ್ತಳಾದವಳು. ಚಳಿಗಾಲ ಶುರುವಾಗಿ ಹೊತ್ತು ಬೇಗ ಮುಳುಗತೊಡಗಿದಾಗ ಕ್ಲಬ್ಬಿನಲ್ಲಿ ಕತ್ತಲೆಯಲ್ಲಿ ಪಿಸ್ತೂಲು ಮತ್ತು ಟಾರ್ಚು ಬಳಸುವ ಪಾಠ ಹೇಳಿಕೊಡುತ್ತಿದ್ದಳು. "ಮೂರು ಗಂಟೆ ಟಾರ್ಚು, ಮೂರು ನಿಮಿಷ ಗುಂಡು" ಎಂದು ಆ ಪಾಠವನ್ನು ಹೋಟೆಲಿನಲ್ಲಿ ಕುಳಿತು ಆಡಿಕೊಂಡವರಲ್ಲಿ ಡೆಲ್ಬರ್ಟನೇ ಮೊದಲಿಗ. ಈಗ ಅದೇ ಪಾಠಕ್ಕೆ ಹೆಸರು ಬರೆಸಬೇಕು. ಎರಡು ಶುಕ್ರವಾರ ಹಟ ಹಿಡಿದು ನೋಡಿದ. ಪಡಸಾಲೆಯಲ್ಲಿ ಒಬ್ಬನೇ ಕುಳಿತು ಅರಳು ತಿಂದ. ಒಬ್ಬನೇ ಗುಡಾರ ಕಟ್ಟಲಂತೂ ಆಗುವುದಿಲ್ಲವಲ್ಲ. ಮೂರನೆಯ ಶುಕ್ರವಾರಕ್ಕೆ ಮುಂಚೆ ವಾಂಡಾಳಿಗೆ ಫೋನು ಮಾಡಿದ.

ಪಾಠದ ಜಾಗ ಊರಾಚೆಯ ಹಳೇ ಕಲ್ಲುಗಣಿ. ಮೂರು ಕಡೆ ಎತ್ತರದ ಮಣ್ಣಿನ ಗೋಡೆ, ನಡುವೆ ಹಳೇ ಟೈರುಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಸೂರಿಲ್ಲದ ಮನೆ. ಅದರೊಳಗೆ ಕೋಣೆಗಳು, ಬಾಗಿಲುಗಳು. ನವೆಂಬರಿನ ಆ ಶನಿವಾರ ಸಂಜೆ ಕಾಫಿಯ ಹೊತ್ತಿಗೇ ಕತ್ತಲಾಗಿತ್ತು. ಪೀಪಾಯಿಯಲ್ಲಿ ಬೆಂಕಿ ಹಾಕಿದ್ದರು. ಆರ್ಡಿಸ್ ಕಾಳು ಮಾಂಸದ ಸಾರು ತುಂಬಿದ ದೊಡ್ಡ ಪಾತ್ರೆ ತಂದಿದ್ದಳು. ಅವಳ ಪಕ್ಕದಲ್ಲಿ ಕಂಬಳಿ ಹೊದ್ದು ಕೊರಿನ್ ಕುಳಿತಿದ್ದಳು, ಅತ್ತೆಯೇ ಕರೆದಿದ್ದಳು. ಟಿಲ್ಲಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು. ಕಲಿಯಲು ಬಂದವರಲ್ಲಿ ಡೆಲ್ಬರ್ಟನ ಹಳೇ ಗೆಳೆಯ, ಕ್ಷೌರದ ಅಂಗಡಿಯ ಗಸ್ ಕೂಡ ಇದ್ದ. ಡೆಲ್ಬರ್ಟ್ ಪಾಠಕ್ಕೆ ಬರುತ್ತಾನೆಂದು ಗೊತ್ತಾದ ಮೇಲೇ ಗಸ್ ಹೆಸರು ಬರೆಸಿದ್ದು. ಇಂಥ ತಮಾಷೆ ಬಿಟ್ಟಿಯಾಗಿ ಸಿಗುವಾಗ ಯಾರು ಬಿಡುತ್ತಾರೆ?

ವಾಂಡಾ ಗಿಡ್ಡ ಹೆಂಗಸು, ದನಿ ಮಾತ್ರ ಎತ್ತರ. ಡೆಲ್ಬರ್ಟನ ಪಿಸ್ತೂಲನ್ನು ಖಾಲಿ ಮಾಡಿಸಿ ನೋಡಿದಳು.

"ಇದನ್ನ ಬಿಚ್ಚಿ ಜೇಬಲ್ಲಿಟ್ಕೋ."

"ಯಾಕೆ? ಭಾರೀ ಬೆಲೆಯ ದೀಪ ಇದು."

"ಬೆಲೆ ಎಷ್ಟಾದ್ರೂ ಇರ್ಲಿ. ಈ ದೀಪ ಎಲ್ಲಿ ನೋಡುತ್ತೋ ಪಿಸ್ತೂಲೂ ಅಲ್ಲೇ ನೋಡುತ್ತೆ. ಬೆಕ್ಕನ್ನ ನೋಡ್ಬೇಕು ಅಂದ್ರೆ ಬೆಕ್ಕಿಗೆ ಗುರಿ, ಹೆಂಡ್ತಿನ ನೋಡ್ಬೇಕು ಅಂದ್ರೆ ಹೆಂಡ್ತಿಗೆ ಗುರಿ. ಯಾರು ಅಂತ ಗೊತ್ತಾಗೋಕೆ ಮುಂಚೆನೇ ಗುರಿ ಇಟ್ಟಾಗಿರುತ್ತೆ. ಮೊದ್ಲು ನೋಡೋದು ಕಲಿ ಡೆಲ್ಬರ್ಟ್. ಹೊಡೆಯೋದು ನಿನಗೆ ಗೊತ್ತು."

ಬೆಂಕಿಯ ಹತ್ತಿರ ಕುಳಿತ ಕೊರಿನ್ ತಲೆ ಎತ್ತಲಿಲ್ಲ, ಆದರೆ ಕಾಫಿ ಕಲಕುವುದನ್ನು ನಿಲ್ಲಿಸಿದಳು. ಡೆಲ್ಬರ್ಟ್ ಅದನ್ನು ಕಂಡ. ದೀಪ ಬಿಚ್ಚಿ ಜೇಬಿಗೆ ಹಾಕಿಕೊಂಡ.

ಎಡಗೈಗೆ ಒಂದು ಟಾರ್ಚು ಕೊಟ್ಟರು. ವಾಂಡಾ ಹೇಳಿಕೊಟ್ಟದ್ದು ಇಷ್ಟೇ: ಟಾರ್ಚನ್ನು ನೆಲಕ್ಕೆ ಬಿಡು, ಚೆಲ್ಲಿದ ಬೆಳಕಿನಲ್ಲೇ ಕೋಣೆ ಕಾಣುತ್ತದೆ. ಕೂಗಿ ಕೇಳು. ಕೈ ನೋಡು, ಮುಖ ಆಮೇಲೆ. ಆರಿಸು, ಪಕ್ಕಕ್ಕೆ ಸರಿ, ಮತ್ತೆ ನೋಡು. ಅಲ್ಲಿಯವರೆಗೆ ಬಲಗೈ ಬೆರಳು ಟ್ರಿಗರಿನ ಹತ್ತಿರವೂ ಸುಳಿಯಬಾರದು. ಡೆಲ್ಬರ್ಟ್ ಆಕಳಿಸಿದ. ಎಳೆ ಮಕ್ಕಳಿಗೆ ನಡೆಯಲು ಕಲಿಸಿದ ಹಾಗಿತ್ತು ಅವನಿಗೆ.

ಆ ಟೈರಿನ ಮನೆಯಲ್ಲಿ ರಟ್ಟಿನ ಮನುಷ್ಯರು ವಾಸವಾಗಿದ್ದರು. ಆಳೆತ್ತರದ ರಟ್ಟಿಗೆ ಮುಖದ ಚಿತ್ರ ಅಂಟಿಸಿ, ಕೈಗೆ ಏನಾದರೂ ಒಂದು ಕೊಟ್ಟಿರುತ್ತಿದ್ದರು. ಕೆಲವರು ಕಳ್ಳರು, ಹೆಚ್ಚಿನವರು ಪಾಪದವರು. ಪಾಪದವರಿಗೆಲ್ಲ ವಾಂಡಾ ಹೆಸರಿಟ್ಟಿದ್ದಳು. ಅವರಲ್ಲಿ ಯಾರಿಗಾದರೂ ಗುಂಡು ತಗುಲಿಸಿದವನು ಎಲ್ಲರ ಮುಂದೆ ಟೋಪಿ ತೆಗೆದು, ಹೆಸರು ಹಿಡಿದು ಆ ರಟ್ಟಿನ ಕ್ಷಮೆ ಕೇಳಬೇಕು. ಅದು ಕ್ಲಬ್ಬಿನ ಕಟ್ಟಳೆ.

ಮೊದಲ ಸುತ್ತು. ಡೆಲ್ಬರ್ಟ್ ಒಳಹೊಕ್ಕ, ಅವನ ಕಾಲರು ಹಿಡಿದು ಹಿಂದೆ ವಾಂಡಾ. ಕತ್ತಲಲ್ಲಿ ಏನೋ ನಿಂತ ಹಾಗಾಯಿತು. ಕೂಗಿ ಕೇಳಬೇಕೆಂದು ನೆನಪಾಗುವ ಮೊದಲೇ ಎಡಗೈ ಹೆಬ್ಬೆರಳು ಟಾರ್ಚಿನ ಗುಂಡಿ ಅದುಮಿತು. ಎಡಗೈ ಅದುಮಿದ್ದೇ ತಡ, ಕೇಳದೆ ಹೇಳದೆ ಬಲಗೈಯೂ ಅದುಮಿತು. ಢಂ!

"ನಿಲ್ಲು!" ಎಂದಳು ವಾಂಡಾ.

ದೊಡ್ಡ ದೀಪ ಹಾಕಿದರು. ಎಲ್ಲರೂ ಬಂದು ನೋಡಿದರು. ಹೂವಿನ ಏಪ್ರನ್ ಕಟ್ಟಿದ ಮಿಸೆಸ್ ಪಿಕೆಟ್, ಎರಡೂ ಕೈಯಲ್ಲಿ ತಿಂಡಿಯ ಬಟ್ಟಲು ಹಿಡಿದು ನಗುತ್ತ ನಿಂತಿದ್ದಳು. ಎದೆಯ ಸರೀ ಮಧ್ಯಕ್ಕೆ ಒಂದು ತೂತು.

"ಆಹಾ, ಏನ್ ಗುರಿ!" ಎಂದ ಗಸ್. "ಈ ಸಂಜೆಗೆಲ್ಲ ಇದೇ ಒಳ್ಳೇ ಏಟು ನೋಡಿ! ಪಾಪ, ತಿಂಡಿ ಕೊಡೋಕ್ ಬಂದೋಳು. ಹಗಲು ಕಂಡ ಬಾವಿಗೆ ಇರುಳು ಬಿದ್ದ ನಮ್ ಡೆಲ್ಲು."

"ಬಾಯ್ ಮುಚ್ಚೋ."

"ನನಗ್ಯಾಕೆ ಹೇಳ್ತೀಯಾ? ಅವಳಿಗೆ ಹೇಳು. ಟೋಪಿ ತೆಗಿ ಮೊದ್ಲು."

ಡೆಲ್ಬರ್ಟ್ ಟೋಪಿ ತೆಗೆದ. ಬೋಳುತಲೆಗೆ ಚಳಿಗಾಳಿ ಬಡಿಯಿತು. "ಮಿಸೆಸ್ ಪಿಕೆಟ್, ತಪ್ಪಾಯ್ತು, ಕ್ಷಮಿಸ್ಬೇಕು" ಎಂದು ಗೊಣಗಿದ. ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು, ಆರ್ಡಿಸ್ ಎಲ್ಲರಿಗಿಂತ ಜೋರಾಗಿ. ಅವನೂ ನಗಲು ಬಾಯಿ ತೆರೆದ. ಆಗ ಅವನ ಕಣ್ಣು ಮತ್ತೆ ಆ ಬಟ್ಟಲಿನ ಮೇಲೆ ಬಿತ್ತು.

ಕೊರಿನ್ ಕೂಡ ಹೀಗೇ ನಿಂತಿದ್ದಳು. ಹೀಗೇ, ಎರಡೂ ಕೈಯಲ್ಲಿ ಕೇಕಿನ ಬಟ್ಟಲು ಹಿಡಿದು. ಅವತ್ತೂ ಅವನ ಹೆಬ್ಬೆರಳು ಗುಂಡಿ ಅದುಮಿತ್ತು. ಅವತ್ತು ಟ್ರಿಗರಿನ ಬೆರಳು ಎಲ್ಲಿತ್ತು? ಡೆಲ್ಬರ್ಟ್ ನೆನಪು ಮಾಡಿಕೊಳ್ಳಲು ನೋಡಿದ, ನೆನಪಾಗಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವನಿಗೆ ತನ್ನ ಕೈಯ ಬಗ್ಗೆ ಹೆದರಿಕೆಯಾಯಿತು. ಬೆಂಕಿಯ ಹತ್ತಿರ ಹೋಗಿ ಕುಳಿತ. ಕೊರಿನ್ ಒಂದು ಬಟ್ಟಲು ಸಾರು ಬಡಿಸಿ ಕೊಟ್ಟಳು. ಅವನು ಅವಳ ಮುಖ ನೋಡಲಾರದೆ ಸಾರನ್ನೇ ನೋಡುತ್ತ ಕುಳಿತ.

"ಬಿಸಿ ಇದ್ದಾಗ್ಲೇ ತಿನ್ನಿ ಮಾವ" ಎಂದಳು ಕೊರಿನ್.

"ಹೂಂ ಕಣಮ್ಮ" ಎಂದ. ಇನ್ನೂ ಏನೋ ಹೇಳಬೇಕಿತ್ತು, ಬಾಯಿಗೆ ಸಾರು ಹಾಕಿಕೊಂಡ.

ಆಮೇಲೆ ಅವನು ಆಕಳಿಸಲಿಲ್ಲ. ಖಾಲಿ ಪಿಸ್ತೂಲು ಹಿಡಿದು ಟೈರಿನ ಗೋಡೆಯ ಪಕ್ಕ ಒಬ್ಬನೇ ನಿಂತು, ಎಡಗೈ ಅದುಮಿದರೆ ಬಲಗೈ ಸುಮ್ಮನಿರುವುದನ್ನು ಅಭ್ಯಾಸ ಮಾಡಿದ. ನೆಲಕ್ಕೆ ಬೆಳಕು, ಕೂಗು, ಕೈ ನೋಡು, ಆರಿಸು, ಪಕ್ಕಕ್ಕೆ ಸರಿ. ಗಸ್ ಬಂದು, "ಏನಪ್ಪಾ, ಮಿಂಚುಹುಳ ಆಗ್ಬಿಟ್ಯಾ?" ಎಂದರೂ ತಿರುಗಿ ಬೈಯಲಿಲ್ಲ. ಬೈಯದ ಡೆಲ್ಬರ್ಟನನ್ನು ಗಸ್ ಕಂಡೇ ಇರಲಿಲ್ಲ, ಗಾಬರಿಯಾಗಿ ಹೊರಟುಹೋದ.

ಕೊನೆಗೆ ಪರೀಕ್ಷೆ. ಟೈರಿನ ಮನೆಯ ಕೋಣೆಗಳನ್ನು ಗಂಟೆ ಬಾರಿಸುವುದರೊಳಗೆ ದಾಟಬೇಕು. ಕಳ್ಳನನ್ನು ಬಿಡಬಾರದು, ಪಾಪದವರನ್ನು ಮುಟ್ಟಬಾರದು. ಗೆದ್ದವರಿಗೆ ಟೋಪಿಗೆ ಚುಚ್ಚಿಕೊಳ್ಳುವ ಬಿಲ್ಲೆ. ಇಲ್ಲಿ ವಾಂಡಾಳದೊಂದು ಪದ್ಧತಿಯಿತ್ತು. ಪರೀಕ್ಷೆ ಕೊಡುವವನ ಮನೆಯವರೊಬ್ಬರು ಅವಳ ಭುಜ ಹಿಡಿದು ಹಿಂದೆಯೇ ಬರಬೇಕು. "ಇವನು ಕತ್ತಲಲ್ಲಿ ಓಡಾಡೋದು ನಿಮ್ಮನೇಲಿ ತಾನೆ, ನೀವೇ ನೋಡಿ" ಎನ್ನುತ್ತಿದ್ದಳು.

"ನನ್ ಮಂಡಿ ಕೈಕೊಟ್ಟಿದೆ" ಎಂದಳು ಆರ್ಡಿಸ್. ಬೆಳಿಗ್ಗೆಯಷ್ಟೇ ಏಣಿ ಹತ್ತಿ ಚಾವಣಿ ಗುಡಿಸಿದ್ದ ಮಂಡಿ ಅದು. "ಕೊರಿನ್, ನೀನ್ ಹೋಗು."

ಕೊರಿನ್ ಕಂಬಳಿ ಸರಿಸಿ ಎದ್ದಳು. ಗುಂಡಿನ ಸದ್ದು ತಡೆಯುವ ಮುಚ್ಚಳ ಕಿವಿಗೆ ಹಾಕಿಕೊಂಡು ವಾಂಡಾಳ ಹಿಂದೆ ನಿಂತಳು. ಟಿಲ್ಲಿಯ ಶುಕ್ರವಾರ ಈ ಮೂರು ಕೋಣೆಯಾಚೆ ಇತ್ತು.

ಮೊದಲ ಕೋಣೆಯಲ್ಲಿ ನೆಲಕ್ಕೆ ಬೆಳಕು ಬಿಟ್ಟ. "ಯಾರದು? ಕೈ ತೋರ್ಸು!" ಎಂದು ಕೂಗಿದ. ಮೂಲೆಯಲ್ಲಿ ಒಬ್ಬ ಮುದುಕ, ಕೈಯಲ್ಲಿ ಫೋನು. "ಸರಿ ತಾತ, ಕೂತ್ಕೊಳಿ" ಎಂದು ಮುಂದೆ ನಡೆದ. ರಟ್ಟಿನೊಂದಿಗೆ ಮಾತಾಡಿದ್ದಕ್ಕೆ ಕತ್ತಲಲ್ಲಿ ಯಾರೋ ಕಿಸಕ್ಕೆಂದರು, ಕೊರಿನ್ನೇ ಇರಬೇಕು. ಎರಡನೆಯ ಕೋಣೆಯಲ್ಲಿ ಕೂಗಿದ, ಬೆಳಕು ಬಿಟ್ಟ, ಎದುರಿಗೆ ಚಾಚಿದ ಪಿಸ್ತೂಲು ಸ್ಪಷ್ಟವಾಗಿ ಕಂಡಿತು. ಎರಡು ಗುಂಡು, ಎರಡೂ ಎದೆಗೆ. ಅದು ಹಳೇ ಡೆಲ್ಬರ್ಟ್, ಅದಕ್ಕೆ ಪಾಠ ಬೇಕಿರಲಿಲ್ಲ.

ಮೂರನೆಯ ಕೋಣೆಯ ಬಾಗಿಲಿಗೆ ಹಳೇ ಕಂಬಳಿ ತೂಗಿಬಿಟ್ಟಿದ್ದರು. ಅದರ ಹಿಂದೆ ಅರ್ಧ ಮರೆಯಾಗಿ ಯಾರೋ ನಿಂತಿದ್ದರು. "ಯಾರದು?" ಎಂದ. ಬೆಳಕು ಬಿಟ್ಟ. ಉಸಿರಿನ ಹಬೆ ಕನ್ನಡಕಕ್ಕೆ ಕೂತಿತ್ತು, ಬೆಳಕೆಲ್ಲ ಮಂಜಾಗಿ ಕಣ್ಣಿಗೇ ಹೊಡೆಯಿತು. ಕೈ ಕಂಡಿತು. ಕೈಯಲ್ಲಿ ಉದ್ದನೆಯದು ಏನೋ ಕಂಡಿತು. ಆರಿಸಿ ಪಕ್ಕಕ್ಕೆ ಸರಿದ, ಮತ್ತೆ ನೋಡಿದ. ಚಮಚ ಇರಬಹುದು, ಹಲ್ಲುಜ್ಜುವ ಬ್ರಷ್ಷು ಇರಬಹುದು, ಏನು ಬೇಕಾದರೂ ಇರಬಹುದು. "ಮಾತಾಡು! ಯಾರು ನೀನು?" ರಟ್ಟು ಮಾತಾಡಲಿಲ್ಲ. ಗಂಟೆ ಬಾರಿಸುವ ಹೊತ್ತಾಗುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಹೊಡೆಯದೆ ನಿಂತರೆ ಫೇಲು ಎಂದೂ ಗೊತ್ತಿತ್ತು. ಬೆರಳು ಮಾತ್ರ ಟ್ರಿಗರಿನ ಹೊರಗೇ ಇತ್ತು. ಅದು ಒಳಗೆ ಹೋಗಲು ಒಪ್ಪಲಿಲ್ಲ, ಅವನೂ ಒತ್ತಾಯ ಮಾಡಲಿಲ್ಲ.

"ವಾಂಡಾ," ಎಂದ, "ಅದೇನು ಅಂತ ನಂಗೆ ಗೊತ್ತಾಗ್ತಿಲ್ಲ. ನಾನ್ ಹೊಡೆಯಲ್ಲ. ಹಿಂದೆ ಸರೀರಿ, ಎಲ್ರೂ ಹಿಂದೆ."

ಬೆನ್ನಿನಿಂದಲೇ ಇಬ್ಬರನ್ನೂ ಹಿಂದಕ್ಕೆ ತಳ್ಳುತ್ತ ಗೋಡೆಯ ಮರೆಗೆ ಬಂದ. ಗಂಟೆ ಬಾರಿಸಿತು. ದೀಪ ಹತ್ತಿತು. ಕಂಬಳಿಯ ಹಿಂದೆ ನಿಂತಿದ್ದ ಗಡ್ಡದವನ ಕೈಯಲ್ಲಿ ಮಾಂಸ ಕತ್ತರಿಸುವ ಚಾಕು.

"ಕಳ್ಳನ್ನ ಬಿಟ್ಟೆ, ಹೊತ್ತೂ ಮೀರ್ತು" ಎಂದಳು ವಾಂಡಾ. ಅವಳ ದನಿಯಲ್ಲಿ ಅಷ್ಟೇನೂ ಸಿಟ್ಟಿರಲಿಲ್ಲ, ಆದರೆ ಕಟ್ಟಳೆ ಎಂದರೆ ಕಟ್ಟಳೆ. "ಬಿಲ್ಲೆ ಇಲ್ಲ ಡೆಲ್ಬರ್ಟ್. ಮುಂದಿನ ತಿಂಗ್ಳು ಬಾ. ಬರ್ತಾ ಒಂದು ಒಳ್ಳೇ ಕನ್ನಡಕ ತಗೊಂಡ್ ಬಾ."

ಬೆಂಕಿಯ ಸುತ್ತ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಗಸ್ ಟೋಪಿಗೆ ಹೊಸ ಬಿಲ್ಲೆ ಚುಚ್ಚಿಕೊಂಡು ಅತ್ತಿಂದಿತ್ತ ತಲೆಯಾಡಿಸಿ ಮಿನುಗಿಸುತ್ತಿದ್ದ. "ಏನಪ್ಪಾ ಚಾಂಪಿಯನ್ನು, ಆ ಗಡ್ಡದವನ ಹತ್ರ ಹೆಸ್ರು, ಊರು, ಗೋತ್ರ ಎಲ್ಲಾ ವಿಚಾರಿಸ್ಕೊಂಡ್ಯಂತೆ?" ಡೆಲ್ಬರ್ಟ್ ಸಾಮಾನು ಚೀಲಕ್ಕೆ ತುಂಬಿ ತನ್ನ ಪಿಕಪ್ ಗಾಡಿಗೆ ಹೋಗಿ ಸ್ಟೀರಿಂಗಿನ ಮುಂದೆ ಕುಳಿತ. ಮುಂದಿನ ತಿಂಗಳು ಎಂದರೆ ಇನ್ನೂ ನಾಲ್ಕು ಶುಕ್ರವಾರ. ಅಷ್ಟರಲ್ಲಿ ಟಿಲ್ಲಿಗೆ ಪಕ್ಕದ ಮನೆಯೇ ರೂಢಿಯಾಗುತ್ತದೆ, ಅವರ ಮನೆಯಲ್ಲಿ ಬೆಕ್ಕಿನ ಮರಿ ಬೇರೆ ಇದೆ. ಅವನಿಗೆ ಅಳು ಬರುವಷ್ಟು ಬೇಸರವಾಯಿತು.

ಆರ್ಡಿಸ್ ಪಾತ್ರೆ ತಂದು ಹಿಂದೆ ಇಟ್ಟಳು. ಕೊರಿನ್ ಬಂದು ಅವನ ಕಿಟಕಿ ತಟ್ಟಿದಳು. ಅವನು ಗಾಜು ಇಳಿಸಿದ.

"ಕೊರಿನ್, ಆವತ್ತು ಬೆಳಿಗ್ಗೆ..." ಎಂದ. ಸಾರಿನ ಬಟ್ಟಲಿನ ಮುಂದೆ ಹೊರಡದ ಮಾತು ಈಗ ಒಮ್ಮೆಲೇ ಬಂತು. "ನನ್ ಬೆರಳು ಎಲ್ಲಿತ್ತು ಅಂತ ನಂಗೇ ಗೊತ್ತಿಲ್ಲಮ್ಮ. ಎಷ್ಟು ನೆನಪು ಮಾಡ್ಕೊಂಡ್ರೂ ಗೊತ್ತಾಗ್ತಿಲ್ಲ. ನಿನ್ ಮುಖಕ್ಕೆ ಹಿಡಿದ್ಬಿಟ್ಟು ಕಾಫಿ ಬೇಕಾ ಅಂತ ಕೇಳ್ದೆ ನೋಡು. ಎಂಥ ಕತ್ತೆ ನಾನು."

"ಹೌದು ಮಾವ" ಎಂದಳು ಕೊರಿನ್. ಯಾವುದಕ್ಕೆ ಹೌದು ಎಂದಳೋ ಅವನು ಕೇಳಲಿಲ್ಲ.

"ಮುಂದಿನ ತಿಂಗ್ಳು ಮತ್ತೆ ಬರ್ತೀನಿ. ಅಲ್ಲೀತನಕ ಟಿಲ್ಲಿಗೆ ಹೇಳು, ತಾತಂಗೆ ಸ್ವಲ್ಪ ಕೆಲಸ ಇದೆ ಅಂತ."

"ಶುಕ್ರವಾರ ನಂಗೆ ಪಾಳಿ ಇದೆ. ಸಂಜೆ ಕರ್ಕೊಂಡ್ ಬರ್ತೀನಿ. ಊಟ ಮಾಡ್ಸಿರ್ತೀನಿ, ಅರಳು ಜಾಸ್ತಿ ಕೊಡ್ಬೇಡಿ."

ಡೆಲ್ಬರ್ಟ್ ಅವಳನ್ನೇ ನೋಡಿದ. "ನಾನು ಫೇಲಾದೆ ಕಣಮ್ಮ. ನೀನೇ ಹಿಂದೆ ಇದ್ಯಲ್ಲ. ಅವನ ಕೈಲಿ ಚಾಕು ಇತ್ತು."

"ಇತ್ತು. ನಿಮಗೆ ಕಾಣಿಸ್ಲಿಲ್ಲ" ಎಂದಳು ಕೊರಿನ್. "ಕಣ್ಣಿಗೆ ಕಾಣದೆ ಇದ್ದಾಗ ನಿಮ್ ಕೈ ಏನ್ ಮಾಡುತ್ತೆ ಅಂತ ನಂಗೆ ನೋಡ್ಬೇಕಿತ್ತು. ನನ್ ಮಗಳು ರಾತ್ರಿ ನೀರು ಕುಡಿಯೋಕೆ ಏಳ್ತಾಳೆ ಮಾವ. ಕೂಗಿದ್ರೆ ನಿದ್ದೆಗಣ್ಣಲ್ಲಿ ಉತ್ತರ ಕೊಡಲ್ಲ ಅವಳು."

"ಅವಳಿರೋ ದಿನ ಪಿಸ್ತೂಲು ಬೀಗದ ಪೆಟ್ಟಿಗೇಲೇ ಇರುತ್ತೆ" ಎಂದ.

"ಅದನ್ನ ನಾನೇ ಹೇಳೋಣ ಅಂತಿದ್ದೆ" ಎಂದು ಕೊರಿನ್ ಅವನ ತೋಳು ತಟ್ಟಿ ತನ್ನ ಕಾರಿನ ಕಡೆ ನಡೆದಳು.

ಡೆಲ್ಬರ್ಟ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕಲ್ಲುಗಣಿಯೆಲ್ಲ ಮೊಳಗುವ ಹಾಗೆ ಕೂಗಿದ.

"ಲೋ ಗಸ್! ನಾನು ಫೇಲು ಕಣೋ! ಫೇಲು!"

ಜೀವಮಾನದಲ್ಲಿ ಗೆದ್ದ ಯಾವ ಕಪ್ಪನ್ನೂ ಅವನು ಅಷ್ಟು ಖುಷಿಯಾಗಿ ಸಾರಿರಲಿಲ್ಲ. ಬೆಂಕಿಯ ಹತ್ತಿರ ನಿಂತಿದ್ದ ಗಸ್ ಟೋಪಿಯ ಬಿಲ್ಲೆ ಮುಟ್ಟಿ ನೋಡಿಕೊಂಡು ಕೈ ಬೀಸಿದ.

"ತಲೆ ಒಳಗೆ ಹಾಕೋ, ಶೀತ ಆಗುತ್ತೆ" ಎಂದಳು ಆರ್ಡಿಸ್ ಪಕ್ಕದ ಸೀಟಿಗೆ ಹತ್ತುತ್ತ. "ಮನೇಲಿ ಅರಳಿನ ಜೋಳ ಖಾಲಿಯಾಗಿದೆ. ಅಂಗಡಿ ಮುಚ್ಚೋದ್ರೊಳಗೆ ಹೊರಡು."